ಮೂತಿ 16 ಡಿಗ್ರಿ ಮೇಲಿತ್ತು, ವಿಮಾನ ಏರಿದ್ದು 8.5 ಡಿಗ್ರಿಯಲ್ಲಿ. ಉಳಿದ 7.5 ಡಿಗ್ರಿ ಎಲ್ಲಿ ಹೋಯಿತು?

ಕಿಟಕಿ_ಸೀಟು
ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ತಲೆ ಕೊರೆಯುತ್ತಿರುವ ಪ್ರಶ್ನೆ ಇದು.

ಕಳೆದ ವಾರ ಎರಡು ಇಂಜಿನ್‌ನ ಜೆಟ್ ವಿಮಾನದಲ್ಲಿ ಹೋದೆ. ನನ್ನ ಫೋನಿನಲ್ಲಿ ಮಟ್ಟ ನೋಡುವ ಆಪ್ ಇದೆ, ಗೋಡೆಗೆ ಶೆಲ್ಫ್ ಹೊಡೆಯುವಾಗ ಬಳಸುತ್ತೇವಲ್ಲ, ಅಂಥದ್ದು. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಸೀಟಿನ ಕೈಯೊರಗಿನ ಮೇಲೆ ಉದ್ದಕ್ಕೆ ಒತ್ತಿ ಹಿಡಿದು ಕುಳಿತೆ. ನೆಲ ಬಿಟ್ಟು, ವೇಗ ಒಂದೇ ಸಮ ಇದೆ ಅನ್ನಿಸಿದಾಗ ಆಪ್ 16 ಡಿಗ್ರಿ ತೋರಿಸುತ್ತಿತ್ತು.

ಮನೆಗೆ ಬಂದು ಅದೇ ಹಾರಾಟವನ್ನು ಟ್ರ್ಯಾಕಿಂಗ್ ಸೈಟಿನಲ್ಲಿ ನೋಡಿದೆ. ಆ ಹೊತ್ತಿಗೆ ನೆಲದ ಲೆಕ್ಕದ ವೇಗ 165 ನಾಟ್. ಏರುತ್ತಿದ್ದದ್ದು ನಿಮಿಷಕ್ಕೆ 2,500 ಅಡಿ. 165 ನಾಟ್ ಅಂದರೆ ನಿಮಿಷಕ್ಕೆ ಸುಮಾರು 16,700 ಅಡಿ ಮುಂದೆ ಹೋದ ಹಾಗೆ. 2,500ನ್ನು 16,700ರಿಂದ ಭಾಗಿಸಿದರೆ ಶೇ. 15. ಕೋನ ಮಾಡಿದರೆ 8.5 ಡಿಗ್ರಿ.

16 ಎಲ್ಲಿ, 8.5 ಎಲ್ಲಿ? ಆಪ್ ತಪ್ಪೋ, ಸೈಟ್ ತಪ್ಪೋ? ಇನ್ನೊಂದು ಸಂಗತಿ. ವಿಮಾನ ಇನ್ನೂ ರನ್‌ವೇ ಮೇಲೆ ಓಡುತ್ತಿದ್ದಾಗಲೇ ಆಪ್ 11 ಡಿಗ್ರಿ ತೋರಿಸಿತು. ಚಕ್ರಗಳು ನೆಲದ ಮೇಲೇ ಇದ್ದವು!

ಸೋಲೋ_14
ಆಪ್ ತಪ್ಪು. ಫೋನನ್ನು ನಂಬಬೇಡಿ.

ಗಾಳಿಗುದುರೆ
ಹಾಗೆ ತಳ್ಳಿ ಹಾಕಬೇಡಿ. ಮೇಲೆ ಹೋದ ಮೇಲಿನ 16 ಕೂಡ ಸರಿ, 8.5 ಕೂಡ ಸರಿ. ಅವೆರಡೂ ಬೇರೆ ಬೇರೆ ಕೋನಗಳು.

ಆಪ್ ತೋರಿಸಿದ್ದು ಪಿಚ್. ಅಂದರೆ ವಿಮಾನದ ಮೈ ದಿಗಂತಕ್ಕೆ ಎಷ್ಟು ವಾಲಿದೆ, ಮೂತಿ ಯಾವ ಕಡೆ ನೋಡುತ್ತಿದೆ ಅನ್ನುವುದು. ನೀವು ಭಾಗಾಕಾರ ಮಾಡಿ ತೆಗೆದದ್ದು ವಿಮಾನ ನಿಜವಾಗಿ ಹೋಗುತ್ತಿರುವ ದಾರಿಯ ಕೋನ. ಮೂತಿ ನೋಡುವ ಕಡೆಗೇ ವಿಮಾನ ಹೋಗಬೇಕು ಅಂತೇನಿಲ್ಲ. ರೆಕ್ಕೆ ಎತ್ತುವ ಬಲ ಕೊಡಬೇಕಾದರೆ ಗಾಳಿ ಅದರ ಹೊಟ್ಟೆಗೆ ಸ್ವಲ್ಪ ಕೆಳಗಿನಿಂದ ಬಡಿಯಬೇಕು. ಆ ವ್ಯತ್ಯಾಸವೇ ಆಂಗಲ್ ಆಫ್ ಅಟ್ಯಾಕ್. ದಾರಿಯ ಕೋನಕ್ಕೆ ಅದನ್ನು ಕೂಡಿಸಿದರೆ ಪಿಚ್. ನಿಮ್ಮ 7.5 ಡಿಗ್ರಿ ಎಲ್ಲೂ ಹೋಗಿಲ್ಲ, ರೆಕ್ಕೆ ಅದರ ಮೇಲೇ ನಿಂತಿತ್ತು.

ಗಾಳಿಪಟ ನೋಡಿ. ಆಕಾಶದಲ್ಲಿ ವಾಲಿಕೊಂಡು ನಿಂತಿರುತ್ತದೆ. ವಾಲಿದೆ ಅಂತ ಏರುತ್ತಾ ಹೋಗುತ್ತದೆಯೇ? ಇದ್ದಲ್ಲೇ ಇರುತ್ತದೆ.

ಕಿಟಕಿ_ಸೀಟು
ಗಾಳಿಪಟದ ಮಾತು ತಕ್ಷಣ ಹಿಡಿಸಿತು. ಧನ್ಯವಾದ. ಆದರೆ ನೆಲದ ಮೇಲಿನ 11 ಡಿಗ್ರಿ?

ಲೆಕ್ಕದ_ಮೇಷ್ಟ್ರು
ಅದು ವೇಗ ಏರಿದ್ದರ ಫಲ. ಫೋನಿನ ಒಳಗಿನ ಸೆನ್ಸರ್‌ಗೆ ಭೂಮಿ ಎಳೆಯುವುದೂ ಸೀಟು ಬೆನ್ನಿಗೆ ಒತ್ತುವುದೂ ಬೇರೆ ಬೇರೆ ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಕೂಡಿಸಿ ಬಂದ ದಿಕ್ಕನ್ನೇ 'ಕೆಳಗೆ' ಅಂತ ತಿಳಿಯುತ್ತದೆ. ಜೆಟ್ ವಿಮಾನ ರನ್‌ವೇ ಮೇಲೆ ಗುರುತ್ವದ ಐದನೇ ಒಂದು ಭಾಗದಷ್ಟು ಜೋರಿನಲ್ಲಿ ವೇಗ ಹೆಚ್ಚಿಸಿಕೊಂಡರೆ, ಆ ಎರಡು ಬಲಗಳು ಸೇರಿ 11.3 ಡಿಗ್ರಿ ವಾಲಿದ ಹಾಗೆ ಕಾಣುತ್ತದೆ. ನಿಮ್ಮ ಆಪ್ ಅದನ್ನೇ ಹೇಳಿದೆ.

ಅರ್ಧ ತುಂಬಿದ ನೀರಿನ ಬಾಟಲಿ ಕೈಯಲ್ಲಿ ಹಿಡಿದು ನೋಡಿ. ರನ್‌ವೇ ಓಟದಲ್ಲಿ ನೀರಿನ ಮಟ್ಟ ಹಿಂದಕ್ಕೆ ಏರಿರುತ್ತದೆ. ನಿಮ್ಮ ಕಿವಿಯೊಳಗೆ ವಾಲುವಿಕೆ ತಿಳಿಸುವ ಸಣ್ಣ ಹರಳುಗಳಿಗೂ ಅದೇ ಗತಿ. ಅದಕ್ಕೇ ಟೇಕಾಫ್ ಆದಾಗ 'ವಿಮಾನ 45 ಡಿಗ್ರಿ ಎದ್ದಿತು' ಅಂತ ಜನ ಹೇಳುವುದು. ಅವರು ಸುಳ್ಳು ಹೇಳುತ್ತಿಲ್ಲ, ಅವರ ಮೈಗೆ ಹಾಗೇ ಅನ್ನಿಸಿದೆ.

ಬಿಟ್_ಬೈಟ್
ಸಣ್ಣ ತಿದ್ದುಪಡಿ ಮೇಷ್ಟ್ರೇ. ಈಗಿನ ಫೋನುಗಳಲ್ಲಿ ಜೈರೋ, ಅಂದರೆ ತಿರುಗುವುದನ್ನು ಅಳೆಯುವ ಸೆನ್ಸರ್ ಕೂಡ ಇರುತ್ತದೆ. ಚೆನ್ನಾಗಿ ಬರೆದ ಆಪ್ ಆದರೆ ಒಂದೆರಡು ಸೆಕೆಂಡಿನ ಜೆರ್ಕ್‌ಗೆ ಮೋಸ ಹೋಗುವುದಿಲ್ಲ.

ಲೆಕ್ಕದ_ಮೇಷ್ಟ್ರು
ಒಂದೆರಡು ಸೆಕೆಂಡಿಗೆ ಹೋಗುವುದಿಲ್ಲ, ಒಪ್ಪಿದೆ. ರನ್‌ವೇ ಓಟ ಅರ್ಧ ನಿಮಿಷ ಇರುತ್ತದೆ. ಅಷ್ಟು ಹೊತ್ತು ಒಂದೇ ಕಡೆ ಒತ್ತಿದರೆ ಜೈರೋ ಇರುವ ಆಪ್ ಕೂಡ ನಿಧಾನವಾಗಿ ಆ ಕಡೆಗೇ ಜಾರುತ್ತದೆ. ವೇಗ ಸ್ಥಿರವಾಗಿದ್ದಾಗ ಓದಿದ್ದು ಮಾತ್ರ ಲೆಕ್ಕಕ್ಕೆ. ಕಿಟಕಿಯವರು ಆ ಎಚ್ಚರ ವಹಿಸಿದ್ದಾರೆ, ಅದು ಮೆಚ್ಚಬೇಕಾದ್ದು.

ಅವರ ಲೆಕ್ಕದಲ್ಲೂ ಒಂದು ಕೊರತೆ ಇದೆ, ಹೇಳಿಬಿಡುತ್ತೇನೆ. ರೆಕ್ಕೆಯ ಕೋನ ತೆಗೆಯಬೇಕಾದರೆ ನೆಲದ ವೇಗ ಹಿಡಿಯಬಾರದು, ಗಾಳಿಯೊಳಗಿನ ವೇಗ ಹಿಡಿಯಬೇಕು. ಅವತ್ತು 15 ನಾಟ್ ಎದುರುಗಾಳಿ ಇತ್ತು ಅಂದುಕೊಳ್ಳಿ. ಗಾಳಿಯೊಳಗೆ ವಿಮಾನ 180 ನಾಟ್ ಹೋಗುತ್ತಿತ್ತು. ಆಗ ಗಾಳಿಯ ಲೆಕ್ಕದ ದಾರಿ 7.8 ಡಿಗ್ರಿ. ಆಂಗಲ್ ಆಫ್ ಅಟ್ಯಾಕ್ 7.5 ಅಲ್ಲ, 8.2.

ಹೊಸ_ರೆಕ್ಕೆ
ಶೇ. 15 ಅಂದರೆ 15 ಡಿಗ್ರಿ ತಾನೇ? ಇದಕ್ಕೆ ಯಾಕೆ ಇಷ್ಟೊಂದು ಚರ್ಚೆ?

ಗಾಳಿಗುದುರೆ
ಅಲ್ಲ. ನೂರು ಅಡಿ ಮುಂದೆ ಹೋಗುವಷ್ಟರಲ್ಲಿ 15 ಅಡಿ ಏರಿದರೆ ಶೇ. 15. ನೂರಕ್ಕೆ ನೂರು ಏರಿದರೆ ಶೇ. 100, ಅದು 45 ಡಿಗ್ರಿ. ನೆಟ್ಟಗೆ ಮೇಲೆ ಹೋದರೆ ಶೇಕಡಾ ಲೆಕ್ಕವೇ ಇಲ್ಲ, ಮುಂದೆ ಹೋದ ದೂರ ಸೊನ್ನೆ. ಸಣ್ಣ ಕೋನಗಳಿಗೆ ಒಂದು ಡಿಗ್ರಿಗೆ ಶೇ. 1.75 ಅಂತ ನೆನಪಿಟ್ಟುಕೊಳ್ಳಿ, ಸಾಕು. ಲ್ಯಾಂಡಿಂಗಿನ 3 ಡಿಗ್ರಿ ಅಂದರೆ ಶೇ. 5.2.

ಸೋಲೋ_14
ನಮಗೆ ಕ್ಲಾಸಿನಲ್ಲಿ ಕಲಿಸಿದ ಕೈಲೆಕ್ಕ: ಗ್ರೇಡಿಯಂಟ್‌ನ (ಏರುವ ದಾರಿಯ ಓರೆಯ) ಶೇಕಡಾವನ್ನು ನೆಲದ ವೇಗದ ನಾಟ್‌ನಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಏರಬೇಕು ಅನ್ನುವುದು ಬರುತ್ತದೆ. ಶೇ. 3.3, 150 ನಾಟ್. 495. ಪಕ್ಕಾ ಲೆಕ್ಕ ಹಾಕಿದರೆ 500ರ ಆಸುಪಾಸು. ಕಾಗದವೇ ಬೇಡ.

ಮೇಲೆ ಆಪ್ ತಪ್ಪು ಅಂದಿದ್ದಕ್ಕೆ ಕ್ಷಮಿಸಿ. ಅವಸರ ಮಾಡಿದೆ.

ಹೊಸ_ರೆಕ್ಕೆ
ನನಗೆ ಒಂದು ಮೂಲ ಪ್ರಶ್ನೆ. ಏರುವಾಗ ರೆಕ್ಕೆ ಎತ್ತುವ ಬಲ ವಿಮಾನದ ತೂಕಕ್ಕಿಂತ ಜಾಸ್ತಿ ಇರಬೇಕು ಅಲ್ವಾ? ಮೂತಿ ಎತ್ತುವುದು ಅದಕ್ಕೇ ಅಲ್ವಾ?

ರಿವೆಟ್
ಹೌದು, ಇಲ್ಲದಿದ್ದರೆ ಏರುವುದು ಹೇಗೆ?

ಲೆಕ್ಕದ_ಮೇಷ್ಟ್ರು
ಇಲ್ಲ ರಿವೆಟ್ ಅಣ್ಣಾ. ಎಲ್ಲರೂ ಎಡವುವ ಜಾಗ ಇದೇ. ಮೂತಿ ಎತ್ತಿ ದಾರಿ ಮೇಲಕ್ಕೆ ತಿರುಗುವ ಆ ಎರಡು ಮೂರು ಸೆಕೆಂಡು ಮಾತ್ರ ಎತ್ತುವ ಬಲ ತೂಕಕ್ಕಿಂತ ಜಾಸ್ತಿ ಇರುತ್ತದೆ. ದಾರಿ ನೇರವಾಗಿ ನಿಂತ ಮೇಲೆ ಅದು ತೂಕಕ್ಕಿಂತ ಸ್ವಲ್ಪ ಕಡಿಮೆ. 8.5 ಡಿಗ್ರಿಯಲ್ಲಿ ತೂಕದ ಶೇ. 99.

ವಿಮಾನವನ್ನು ಏರಿಸುವುದು ಇಂಜಿನ್. ಗುಡ್ಡ ಹತ್ತುವ ಸೈಕಲ್ ನೆನಪಿಸಿಕೊಳ್ಳಿ. ರಸ್ತೆ ನಿಮ್ಮನ್ನು ಹೊತ್ತಿರುತ್ತದೆ, ಆದರೆ ಹತ್ತಿಸುವುದು ಕಾಲು. ರೆಕ್ಕೆ ರಸ್ತೆ ಇದ್ದ ಹಾಗೆ, ಇಂಜಿನ್ ಕಾಲು ಇದ್ದ ಹಾಗೆ. ಇಂಜಿನ್ನಿನ ತಳ್ಳುವ ಬಲದಲ್ಲಿ ಗಾಳಿಯ ತಡೆಗೆ ಹೋಗಿ ಮಿಕ್ಕಿದ್ದು ಎಷ್ಟು, ಅದು ತೂಕದ ಶೇಕಡಾ ಎಷ್ಟು, ಅಷ್ಟೇ ನಿಮ್ಮ ಗ್ರೇಡಿಯಂಟ್.

ಸುಲಭದ ಅಂಕಿ ಇಟ್ಟುಕೊಳ್ಳೋಣ. ವಿಮಾನ 60 ಟನ್. ಎರಡು ಇಂಜಿನ್ ಸೇರಿ 15 ಟನ್ ತಳ್ಳುತ್ತವೆ. ಗಾಳಿಯ ತಡೆ 6 ಟನ್. ಮಿಕ್ಕಿದ್ದು 9. ಅರವತ್ತಕ್ಕೆ ಒಂಬತ್ತು, ಶೇ. 15. ಕಿಟಕಿಯವರ ವಿಮಾನವೇ ಬಂತು ನೋಡಿ.

ಈಗ ಒಂದು ಇಂಜಿನ್ ನಿಂತಿತು. ತಳ್ಳುವ ಬಲ 7.5. ತಡೆ ಅದೇ 6. ಮಿಕ್ಕಿದ್ದು ಒಂದೂವರೆ ಟನ್. ಗ್ರೇಡಿಯಂಟ್ ಶೇ. 2.5. ಬಲ ಹೋಗಿದ್ದು ಅರ್ಧ, ಏರುವ ದಾರಿ ಆರನೇ ಒಂದು ಭಾಗಕ್ಕೆ ಬಿತ್ತು.

ಕಿಟಕಿ_ಸೀಟು
ಶೇ. 15 ಇದ್ದದ್ದು ಶೇ. 2.5! ಎರಡು ಸಲ ಓದಿದೆ.

ಹಳೇ_ಆಲ್ಟಿಮೀಟರ್
ಮೇಷ್ಟ್ರ ಲೆಕ್ಕ ಚೆನ್ನಾಗಿದೆ. ಒಂದೇ ಮಾತು ಸೇರಿಸುತ್ತೇನೆ, ನಾನು ಇಪ್ಪತ್ತು ವರ್ಷಕ್ಕೂ ಮೇಲೆ ಹಾರಿಸಿದವನು.

ಒಂದು ಇಂಜಿನ್ ನಿಂತಾಗ ತಡೆ ಅದೇ 6 ಟನ್ ಇರುವುದಿಲ್ಲ. ವಿಮಾನ ಒಂದು ಪಕ್ಕಕ್ಕೆ ಎಳೆಯುತ್ತದೆ, ಅದನ್ನು ತಡೆಯಲು ರಡರ್ (ಬಾಲದಲ್ಲಿ ನೆಟ್ಟಗಿರುವ, ಮೂತಿಯನ್ನು ಪಕ್ಕಕ್ಕೆ ತಿರುಗಿಸುವ ಹಲಗೆ) ಪೆಡಲ್ ತುಳಿಯಬೇಕು, ರಡರ್ ತುಳಿದರೆ ತಡೆ ಏರುತ್ತದೆ. 6.1 ಅಂತಲೇ ಇಟ್ಟುಕೊಳ್ಳಿ. ಮಿಕ್ಕಿದ್ದು 1.4 ಟನ್, ಗ್ರೇಡಿಯಂಟ್ ಶೇ. 2.33. ನೋಡಲು ಸಣ್ಣ ವ್ಯತ್ಯಾಸ. ಆದರೆ ಎರಡು ಇಂಜಿನ್‌ನ ದೊಡ್ಡ ವಿಮಾನಗಳಿಗೆ ನಿಯಮ ಏನು ಗೊತ್ತಾ? ಒಂದು ಇಂಜಿನ್ ನಿಂತು, ಚಕ್ರ ಮಡಚಿದ ಮೇಲೆ, ಕನಿಷ್ಠ ಶೇ. 2.4 ಏರಲೇಬೇಕು. ಮೂರು ಇಂಜಿನ್ ಇದ್ದರೆ ಶೇ. 2.7, ನಾಲ್ಕಿದ್ದರೆ ಶೇ. 3. ಮೇಷ್ಟ್ರ ವಿಮಾನ 60 ಟನ್ನಿಗೆ ಅವತ್ತು ಹೊರಡುವ ಹಾಗಿಲ್ಲ. ಒಂದು ಟನ್ ಇಳಿಸಬೇಕು.

ಬಿಸಿಲು ಜೋರಾದ ಮಧ್ಯಾಹ್ನ ಕೆಲವು ಸಲ ಸೀಟು ಖಾಲಿ ಇದ್ದರೂ ಟಿಕೆಟ್ ಕೊಡುವುದಿಲ್ಲ, ಸಾಮಾನು ಹಿಂದೆ ಬಿಡುತ್ತಾರೆ. ಪ್ರಯಾಣಿಕರಿಗೆ ಸಿಟ್ಟು ಬರುತ್ತದೆ. ಕಾರಣ ಬಹಳ ಸಲ ಇದೇ. ಬಿಸಿ ಗಾಳಿ ತೆಳುವಾಗಿರುತ್ತದೆ, ಇಂಜಿನ್ ಅಷ್ಟು ತಳ್ಳುವುದಿಲ್ಲ, ಆ ಶೇ. 2.4 ಸಿಗುವುದಿಲ್ಲ.

ಬಿಟ್_ಬೈಟ್
ಆದರೆ ವಿಮಾನ ನಿಲ್ದಾಣದಿಂದ ಹೊರಡುವ ದಾರಿಗಳಿಗೆ ಶೇ. 3.3 ಬೇಕು ಅಂತ ಓದಿದ್ದೇನೆ. ಒಂದು ನಾಟಿಕಲ್ ಮೈಲಿಗೆ 200 ಅಡಿ. ಹಾಗಾದರೆ ಶೇ. 2.4 ಇರುವ ವಿಮಾನ ಗುಡ್ಡಕ್ಕೆ ಬಡಿಯುತ್ತದೆ ಅಲ್ವಾ?

ಹಳೇ_ಆಲ್ಟಿಮೀಟರ್
ಒಳ್ಳೆಯ ಪ್ರಶ್ನೆ. ಆ ಶೇ. 3.3 ಎಲ್ಲ ಇಂಜಿನ್ ಓಡುತ್ತಿರುವ ವಿಮಾನಕ್ಕೆ. ಗುಡ್ಡ, ಟವರ್ ಮೇಲೆ ಶೇ. 2.5ರ ಒಂದು ಓರೆ ಗೆರೆ ಎಳೆದು, ಅದಕ್ಕೆ ಶೇ. 0.8 ಸೇರಿಸಿ ಬಂದದ್ದು ಅದು. ಗುಡ್ಡ ಎತ್ತರ ಇದ್ದರೆ ಆ ದಾರಿಗೆ ಇನ್ನೂ ಜಾಸ್ತಿ ಕೇಳುತ್ತಾರೆ, ನಕ್ಷೆಯಲ್ಲೇ ಬರೆದಿರುತ್ತದೆ.

ಇಂಜಿನ್ ನಿಂತರೆ ಯಾವ ಕಡೆ ತಿರುಗಿ ಹೋಗಬೇಕು ಅನ್ನುವುದನ್ನು ಕಂಪನಿ ಬೇರೆಯಾಗಿ ಲೆಕ್ಕ ಹಾಕಿಡಬೇಕು. ಆ ಲೆಕ್ಕದಲ್ಲಿ ವಿಮಾನ ತೋರಿಸಿಕೊಟ್ಟ ಗ್ರೇಡಿಯಂಟ್‌ನಿಂದಲೂ ಎರಡು ಇಂಜಿನ್‌ಗೆ ಶೇ. 0.8 ಕಳೆಯುತ್ತಾರೆ. ಕಳೆದು ಉಳಿದ ದಾರಿ ಅಡ್ಡಿಗಳಿಗಿಂತ 35 ಅಡಿ ಮೇಲಿರಬೇಕು. ಈ ಎರಡು ಲೆಕ್ಕಗಳನ್ನು ಒಂದಕ್ಕೊಂದು ಬೆರೆಸಬಾರದು. ಹಾರುವವರಲ್ಲೇ ಕೆಲವರು ಬೆರೆಸುತ್ತಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಹೊಸ_ರೆಕ್ಕೆ
ಇಂಜಿನ್ ನಿಂತಾಗ ಮೂತಿ ಎಷ್ಟು ಕೆಳಗೆ ಬರುತ್ತದೆ?

ಹಳೇ_ಆಲ್ಟಿಮೀಟರ್
ಬಹಳ ಇಲ್ಲ. ಏರ್‌ಬಸ್ ಎ320ಯಲ್ಲಿ ಟೇಕಾಫ್ ಮಾಡುವಾಗ ಮೂತಿಯನ್ನು ಮೊದಲಿಗೆ 15 ಡಿಗ್ರಿ ಕಡೆಗೆ ಎತ್ತುತ್ತಾರೆ, ಒಂದು ಇಂಜಿನ್ ನಿಂತಿದ್ದರೆ 12.5. ಎರಡೂವರೆ ಡಿಗ್ರಿ ವ್ಯತ್ಯಾಸ ಅಷ್ಟೇ. ಕಿಟಕಿ ಸೀಟಿನಲ್ಲಿ ಕೂತವರಿಗೆ ಗೊತ್ತೂ ಆಗುವುದಿಲ್ಲ. ದಾರಿ ಮಾತ್ರ ಆರನೇ ಒಂದು ಭಾಗವಾಗಿರುತ್ತದೆ. ಮೂತಿ ನೋಡಿ ವಿಮಾನ ಹೇಗೆ ಏರುತ್ತಿದೆ ಅಂತ ತೀರ್ಮಾನ ಮಾಡುವುದು ಎಷ್ಟು ಅಪಾಯ ಅಂತ ಇದರಲ್ಲೇ ಗೊತ್ತಾಗುತ್ತದೆ.

ಟ್ರಾಲಿ_ಬ್ರೇಕ್
ನಾನು ಕ್ಯಾಬಿನ್ ಸಿಬ್ಬಂದಿ. ನಿಮ್ಮ ಕೋನಗಳನ್ನೆಲ್ಲ ನಾವು ಕಾಲಿನಲ್ಲಿ ಅಳೆಯುತ್ತೇವೆ!

35,000 ಅಡಿಯಲ್ಲಿ ವಿಮಾನ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ. ಆದರೂ ಮೂತಿ ಎರಡು ಎರಡೂವರೆ ಡಿಗ್ರಿ ಮೇಲೇ ಇರುತ್ತದೆ. ತುಂಬಿದ ಟ್ರಾಲಿಯನ್ನು ಹಿಂದಿನಿಂದ ಮುಂದಕ್ಕೆ ತಳ್ಳುವಾಗ ಇದು ಮೊಣಕಾಲಿಗೆ ಗೊತ್ತಾಗುತ್ತದೆ. ಹಿಂದಕ್ಕೆ ಬರುವಾಗ ಅದು ತಾನೇ ಎಳೆದುಕೊಂಡು ಬರುತ್ತದೆ. ನಿಂತಲ್ಲೆಲ್ಲ ಕೆಂಪು ಪೆಡಲ್ ತುಳಿದು ಬ್ರೇಕ್ ಹಾಕಲೇಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಅರ್ಧ ತುಳಿದು ಬಿಟ್ಟೆ. ಟ್ರಾಲಿ ಮೆಲ್ಲಗೆ ಹೊರಟು ನಾಲ್ಕು ಸಾಲು ಹಿಂದೆ ಹೋಗಿ ಒಬ್ಬರ ಮೊಣಕೈಗೆ ತಾಗಿ ನಿಂತಿತು. ಅವತ್ತಿನಿಂದ ಎರಡು ಸಲ ತುಳಿಯುತ್ತೇನೆ.

ಗಾಳಿಗುದುರೆ
ಅಕ್ಕಾ, ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ದಾರಿ ಸೊನ್ನೆ, ಪಿಚ್ ಎರಡೂವರೆ.

ಟ್ರಾಲಿ_ಬ್ರೇಕ್
ಇನ್ನೊಂದು. ಟೇಕಾಫ್ ಆಗಿ ಸ್ವಲ್ಪ ಹೊತ್ತಿಗೆ ಇಂಜಿನ್ ಸದ್ದು ಕಡಿಮೆಯಾಗುತ್ತದೆ, ಮೂತಿ ತಗ್ಗುತ್ತದೆ. ಆಗ ಎಷ್ಟೋ ಜನ ಸೀಟಿನ ಕೈ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಬೀಳುತ್ತಿದ್ದೇವೆ ಅಂತ ಅವರಿಗೆ ಅನ್ನಿಸುತ್ತದೆ. ನಾನು ಜಂಪ್ ಸೀಟಿನಲ್ಲಿ (ಸಿಬ್ಬಂದಿಯ ಮಡಚುವ ಸೀಟು) ಹಿಂದಕ್ಕೆ ಮುಖ ಮಾಡಿ ಕೂತಿರುತ್ತೇನೆ, ಎಲ್ಲರ ಮುಖ ಕಾಣುತ್ತದೆ. ಒಂದು ಮುಗುಳ್ನಗೆ ಕೊಟ್ಟರೆ ಅರ್ಧ ಭಯ ಹೋಗುತ್ತದೆ.

ಹಳೇ_ಆಲ್ಟಿಮೀಟರ್
ಆ ಹೊತ್ತಿನಲ್ಲೂ ವಿಮಾನ ಏರುತ್ತಲೇ ಇರುತ್ತದೆ. ಸಾಮಾನ್ಯವಾಗಿ 1,000 ರಿಂದ 1,500 ಅಡಿಯ ಸುಮಾರಿಗೆ ಇಂಜಿನ್ನಿನ ತಳ್ಳುವ ಬಲ ತಗ್ಗಿಸಿ, ಮೂತಿ ಇಳಿಸಿ, ವೇಗ ಹೆಚ್ಚಿಸಿಕೊಂಡು ಫ್ಲಾಪ್ (ನಿಧಾನ ವೇಗದಲ್ಲಿ ಎತ್ತುವ ಬಲ ಹೆಚ್ಚಿಸಲು ರೆಕ್ಕೆಯಿಂದ ಹೊರಚಾಚುವ ಹಲಗೆ) ಒಳಗೆ ಎಳೆಯುತ್ತೇವೆ. ದಾರಿಯ ಕೋನ ಕಡಿಮೆಯಾಗುತ್ತದೆ, ಕೆಳಮುಖ ಆಗುವುದಿಲ್ಲ.

ರಿವೆಟ್
ನಾನು ಮೇಲೆ ಹೇಳಿದ್ದು ತಪ್ಪು, ಸೈಕಲ್ ಉದಾಹರಣೆಯಿಂದ ಅರ್ಥವಾಯಿತು. ನಾನು ಪ್ರೊಪೆಲ್ಲರ್ ರಿಪೇರಿ ಕಡೆಯವನು. ನಮಗೆ ಪಿಚ್ ಅಂದರೆ ಬ್ಲೇಡ್ ತಿರುಚಿರುವ ಕೋನ. ಟೇಕಾಫ್‌ಗೆ ಫೈನ್ ಪಿಚ್, ಅಂದರೆ ಬ್ಲೇಡ್ ಚಪ್ಪಟೆಯಾಗಿ ನಿಲ್ಲುತ್ತದೆ. ಎತ್ತರದಲ್ಲಿ ವೇಗವಾಗಿ ಹೋಗುವಾಗ ಕೋರ್ಸ್ ಪಿಚ್, ಅಂದರೆ ಬ್ಲೇಡ್ ಹೆಚ್ಚು ತಿರುಚಿ ನಿಲ್ಲುತ್ತದೆ. ಒಂದೇ ಪದ, ಬೇರೆ ಅರ್ಥ.

ಹೊಸ_ರೆಕ್ಕೆ
ಮೂತಿ ಕೆಳಗಿಟ್ಟು ಏರುವ ವಿಮಾನ ಇದೆಯಾ ಹಾಗಾದರೆ?

ಗಾಳಿಗುದುರೆ
ಇದೆ. ಅಮೆರಿಕದ ಬಿ-52 ಬಾಂಬರ್ ನೋಡಿ. ಅದರ ರೆಕ್ಕೆಯನ್ನೇ ಮೈಗೆ ಸುಮಾರು 6 ಡಿಗ್ರಿ ಎತ್ತಿ ಜೋಡಿಸಿದ್ದಾರೆ. ಮೈ ಮಟ್ಟವಾಗಿದ್ದರೂ ರೆಕ್ಕೆಗೆ ಬೇಕಾದ ಕೋನ ಸಿಕ್ಕಿರುತ್ತದೆ. ಮೂತಿ ತಗ್ಗಿಸಿಕೊಂಡೇ ಮೇಲೇರುವುದನ್ನು ವಿಡಿಯೋಗಳಲ್ಲಿ ನೋಡಬಹುದು. ಎಫ್-8 ಕ್ರುಸೇಡರ್ ಅನ್ನುವ ನೌಕಾಪಡೆಯ ಫೈಟರ್‌ನಲ್ಲಿ ಇಡೀ ರೆಕ್ಕೆಯೇ 7 ಡಿಗ್ರಿ ಮೇಲೆದ್ದು ನಿಲ್ಲುತ್ತಿತ್ತು. ಪೈಲಟ್‌ಗೆ ಹಡಗಿನ ಡೆಕ್ ಕಾಣಬೇಕಲ್ಲ! ಕಾಂಕಾರ್ಡ್‌ನಲ್ಲಿ ರೆಕ್ಕೆ ಎತ್ತುವ ಬದಲು ಮೂಗನ್ನೇ ಬಗ್ಗಿಸಿದರು, ಲ್ಯಾಂಡಿಂಗ್‌ಗೆ 12.5 ಡಿಗ್ರಿ.

ಬಿಟ್_ಬೈಟ್
ಹೆಲಿಕಾಪ್ಟರ್ ಬಿಟ್ಟಿರಿ. ಮೂತಿ ಕೆಳಗೆ ಹಾಕಿಕೊಂಡೇ ಮುಂದಕ್ಕೂ ಮೇಲಕ್ಕೂ ಹೋಗುತ್ತದೆ.

ಸೋಲೋ_14
ನನ್ನ ಅನುಭವ ಹೇಳುತ್ತೇನೆ. ಹದಿನಾಲ್ಕು ಗಂಟೆ ಹಾರಾಟ ಕಲಿತ ಮೇಲೆ ಸೋಲೋ ಹೋದೆ, ಅಂದರೆ ಒಬ್ಬನೇ ಹಾರಿಸಿದೆ. ಅದಕ್ಕೆ ಎರಡು ದಿನ ಮುಂಚೆ ನಡೆದದ್ದು ಇದು. ಸೆಸ್ನಾ 172, ಒಂದು ಇಂಜಿನ್‌ನ ಪುಟ್ಟ ವಿಮಾನ. ರನ್‌ವೇ ತುದಿಯಲ್ಲಿ ಎತ್ತರದ ಮರಗಳ ಸಾಲು. ಬಿಸಿಲು ಜೋರಿತ್ತು. 74 ನಾಟ್‌ನಲ್ಲಿ ನಿಮಿಷಕ್ಕೆ 600 ಅಡಿ ಏರುತ್ತಿದ್ದೆವು. ಮರಗಳು ಹತ್ತಿರ ಬಂದ ಹಾಗೆ ಅನ್ನಿಸಿತು, ನನಗೆ ಗೊತ್ತಿಲ್ಲದ ಹಾಗೆ ಕೈ ಎಳೆಯಿತು. ಮೂತಿ ಮೇಲೆ ಹೋಯಿತು, ಗಾಜಿನಲ್ಲಿ ಬರೀ ಆಕಾಶ. ಮರ ಕಾಣದೆ ಹೋದದ್ದೇ ಧೈರ್ಯವಾಯಿತು. ವೇಗ 55ಕ್ಕೆ ಇಳಿದಿತ್ತು. ಏರುವ ವೇಗ ತೋರಿಸುವ ಮುಳ್ಳು 350ರಲ್ಲಿತ್ತು.

ಇನ್‌ಸ್ಟ್ರಕ್ಟರ್ ಮಾತಾಡಲಿಲ್ಲ. ಎರಡು ಬೆರಳಿನಲ್ಲಿ ಯೋಕ್ (ಮೂತಿ ಏರಿಸಿ ಇಳಿಸುವ ಹಿಡಿಕೆ) ಮುಂದಕ್ಕೆ ಒತ್ತಿದರು. ಮರಗಳು ಮತ್ತೆ ಗಾಜಿಗೆ ಬಂದವು. ವೇಗ ಬಂತು. ಮುಳ್ಳು ಮೇಲೆ ಹೋಯಿತು. ಮರಗಳ ಮೇಲೆ ಬೇಕಾದಷ್ಟು ಎತ್ತರದಲ್ಲಿ ದಾಟಿದೆವು. ಇಳಿದ ಮೇಲೆ ಬೋರ್ಡಿನಲ್ಲಿ ಲೆಕ್ಕ ಮಾಡಿಸಿದರು. 74ರಲ್ಲಿ ಶೇ. 8. ನಾನು ಮೂತಿ ಎತ್ತಿದಾಗ ಶೇ. 6.3.

ಲೆಕ್ಕದ_ಮೇಷ್ಟ್ರು
ಶಭಾಷ್ ತಮ್ಮಾ, ಇದನ್ನು ಬರೆದದ್ದು ಒಳ್ಳೆಯದಾಯಿತು. ನಿಧಾನವಾದಷ್ಟೂ ಗಾಳಿಯ ತಡೆ ಒಂದು ಹಂತದ ನಂತರ ಏರುತ್ತದೆ. ಮಿಕ್ಕುವ ಬಲ ಕುಗ್ಗುತ್ತದೆ. 172ಎಸ್‌ಗೆ ಸಮುದ್ರ ಮಟ್ಟದಲ್ಲಿ ಅತಿ ಕಡಿದಾಗಿ ಏರುವ ವೇಗ 62 ನಾಟ್, ಅತಿ ಬೇಗ ಏರುವ ವೇಗ 74. ಮರ ದಾಟಲು 62 ಬೇಕು. ಅದಕ್ಕಿಂತ ಕೆಳಗೆ ಇಳಿದರೆ ಎರಡೂ ಕೈ ತಪ್ಪುತ್ತವೆ.

ಹಳೇ_ಆಲ್ಟಿಮೀಟರ್
ಇದು ತೀರಾ ಮಿತಿ ಮೀರಿದರೆ ಏನಾಗುತ್ತದೆ ಅನ್ನುವುದಕ್ಕೆ 2009ರ ಜೂನ್ 1ರ ಏರ್ ಫ್ರಾನ್ಸ್ 447 ಇದೆ. ರಿಯೊದಿಂದ ಪ್ಯಾರಿಸ್‌ಗೆ ಹೊರಟ ಏರ್‌ಬಸ್ ಎ330, ಅಟ್ಲಾಂಟಿಕ್‌ಗೆ ಬಿತ್ತು. 228 ಜನ ಹೋದರು. ರೆಕಾರ್ಡರ್‌ನ ಕೊನೆಯ ಅಂಕಿಗಳು: ಮೂತಿ 16.2 ಡಿಗ್ರಿ ಮೇಲೆ. ಬೀಳುತ್ತಿದ್ದದ್ದು ನಿಮಿಷಕ್ಕೆ 10,912 ಅಡಿ. ಸ್ಟಾಲ್ ಆಗಿತ್ತು, ಅಂದರೆ ಆಂಗಲ್ ಆಫ್ ಅಟ್ಯಾಕ್ ಮಿತಿ ಮೀರಿ ರೆಕ್ಕೆ ಎತ್ತುವ ಬಲ ಕುಸಿದಿತ್ತು. ಬೀಳುವಾಗ ಆಂಗಲ್ ಆಫ್ ಅಟ್ಯಾಕ್ 35 ಡಿಗ್ರಿಗಿಂತ ಕೆಳಗೆ ಬರಲೇ ಇಲ್ಲ.

ಕಿಟಕಿಯವರ ಆಪ್ ತೋರಿಸಿದ್ದೂ 16. ಅದೇ ಪಿಚ್. ಒಂದು ಏರುತ್ತಿತ್ತು, ಇನ್ನೊಂದು ಕಲ್ಲಿನ ಹಾಗೆ ಬೀಳುತ್ತಿತ್ತು.

ಟ್ರಾಲಿ_ಬ್ರೇಕ್
ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಬಿಟ್_ಬೈಟ್
ಹಾಗಾದರೆ ಕಾಕ್‌ಪಿಟ್‌ನಲ್ಲಿ ದಾರಿಯ ಕೋನವನ್ನೇ ನೇರವಾಗಿ ತೋರಿಸಬಹುದಲ್ಲ?

ಹಳೇ_ಆಲ್ಟಿಮೀಟರ್
ತೋರಿಸುತ್ತಾರೆ. ಪರದೆಯ ಮೇಲೆ ಸಣ್ಣ ಗುರುತು ಬರುತ್ತದೆ, ಎರಡು ಪಕ್ಕ ಗೆರೆ ಇರುವ ಪುಟ್ಟ ವೃತ್ತ. ಏರ್‌ಬಸ್‌ನವರು ಅದನ್ನು ಹಕ್ಕಿ ಅನ್ನುತ್ತಾರೆ. ಆ ಹಕ್ಕಿ ಎಲ್ಲಿದೆಯೋ ವಿಮಾನ ಅಲ್ಲಿಗೆ ಹೋಗುತ್ತದೆ. ಮೂತಿಯ ಗುರುತಿಗೂ ಹಕ್ಕಿಗೂ ನಡುವಿನ ಅಂತರವೇ, ಗಾಳಿ ಶಾಂತವಾಗಿದ್ದರೆ, ನಿಮ್ಮ ಆಂಗಲ್ ಆಫ್ ಅಟ್ಯಾಕ್. ಆದರೆ ಟೇಕಾಫ್‌ನಲ್ಲಿ ನಾವು ಕೈಯಲ್ಲಿ ಹಿಡಿಯುವುದು ಪಿಚ್. ನಿಯಂತ್ರಣದ ಕಡ್ಡಿ ಎಳೆದರೆ ಮೂತಿ ತಕ್ಷಣ ಓಗೊಡುತ್ತದೆ, ದಾರಿ ತಡವಾಗಿ ಬಾಗುತ್ತದೆ. ಮೂತಿ ಹಿಡಿದು, ವೇಗ ನೋಡಿ, ಏರುವ ಮುಳ್ಳು ನೋಡಬೇಕು. ಮೂರೂ ಬೇಕು.

ಹೊಸ_ರೆಕ್ಕೆ
ಇಳಿಯುವಾಗಲೂ ಮೂತಿ ಮೇಲಿರುತ್ತದೆಯಾ?

ಗಾಳಿಗುದುರೆ
ಬಹಳ ಜೆಟ್‌ಗಳಲ್ಲಿ ಹೌದು. ದಾರಿ 3 ಡಿಗ್ರಿ ಕೆಳಗೆ, ಮೂತಿ 2–3 ಡಿಗ್ರಿ ಮೇಲೆ. ಕಿಟಕಿಯವರೇ, ಮುಂದಿನ ಸಲ ಇದನ್ನು ಅಳೆದು ಹೇಳಿ. ನೆಲದ ವೇಗವನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಎಷ್ಟು ಅಡಿ ಇಳಿಯಬೇಕು ಅನ್ನುವುದು ಬರುತ್ತದೆ. ಲಂಡನ್ ಸಿಟಿ ಅನ್ನುವ ವಿಮಾನ ನಿಲ್ದಾಣಕ್ಕೆ ಹೋದರೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ, ಅಲ್ಲಿ ದಾರಿ 5.5 ಡಿಗ್ರಿ.

ಕಿಟಕಿ_ಸೀಟು
ಹನ್ನೊಂದು ದಿನ ಬಿಟ್ಟು ಬರುತ್ತಿದ್ದೇನೆ, ವಾಪಸ್ ಪ್ರಯಾಣದಲ್ಲಿ ಅಳೆದೆ. ಈ ಸಲ ಬಾಟಲಿಯನ್ನೂ ಹಿಡಿದಿದ್ದೆ ಮೇಷ್ಟ್ರೇ, ರನ್‌ವೇ ಓಟದಲ್ಲಿ ನೀರು ನೀವು ಹೇಳಿದ ಹಾಗೇ ಹಿಂದಕ್ಕೆ ಏರಿತು.

ಎತ್ತರದಲ್ಲಿ ಸಮವಾಗಿ ಹೋಗುವಾಗ ಆಪ್ 2.4 ಡಿಗ್ರಿ ತೋರಿಸಿತು. ಆಗಲೇ ಟ್ರಾಲಿ ಬಂತು. ಅವರು ಪೆಡಲ್ ತುಳಿಯುವುದನ್ನು ನೋಡಿದೆ, ಟ್ರಾಲಿ ಅಕ್ಕ ನೆನಪಾದರು.

ಇಳಿಯುವಾಗ ಚಕ್ರ ಬಿಟ್ಟ ಮೇಲೆ, ವೇಗ ನಿಂತ ಮೇಲೆ ಓದಿದೆ. 2.8 ಡಿಗ್ರಿ ಮೇಲೆ. ಮನೆಗೆ ಬಂದು ನೋಡಿದರೆ ಆಗ ನೆಲದ ವೇಗ 138 ನಾಟ್, ನಿಮಿಷಕ್ಕೆ 700 ಅಡಿ ಇಳಿಯುತ್ತಿದ್ದೆವು. ಐದರಿಂದ ಗುಣಿಸಿದರೆ 690. ಮೂತಿ ಮೇಲಿದ್ದೇ ಕೆಳಗೆ ಬಂದೆವು. ರೆಕ್ಕೆಯ ಪಾಲು ಸುಮಾರು 5.8.

ನೆಲ ಮುಟ್ಟಿ ಬ್ರೇಕ್ ಹಿಡಿದಾಗ ಆಪ್ 10 ಡಿಗ್ರಿ ಕೆಳಮುಖ ತೋರಿಸಿತು. ಈ ಸಲ ಯಾಕೆ ಅಂತ ಯಾರನ್ನೂ ಕೇಳಬೇಕಾಗಲಿಲ್ಲ.

ಲೆಕ್ಕದ_ಮೇಷ್ಟ್ರು
ಮೂತಿ, ದಾರಿ, ವೇಗ ಮೂರನ್ನೂ ಒಂದು ಕಾಗದದಲ್ಲಿ ಬರೆದು ಫೋಟೋ ಹಾಕಿ. ಹೊಸಬರಿಗೆ ಉಪಯೋಗಕ್ಕೆ ಬರುತ್ತದೆ.